ನನ್ನ ತಮ್ಮ, ಎದುರುದಾರ ನಂಬರ್ ಒಂದು

ಮಳವಳ್ಳಿ
೮ ಡಿಸೆಂಬರ್ ೨೦೨೪

ತಮ್ಮ ರಾಜೇಂದ್ರನಿಗೆ ಅಕ್ಕ ಚಲುವಮ್ಮನ ಆಶೀರ್ವಾದ.

ಇಲ್ಲಿ ನಾನು ಕ್ಷೇಮ, ನಿನ್ನ ಭಾವನೂ ಕ್ಷೇಮ. ನಿನ್ನ ಅಂಗಡಿಯಿಂದ ತಂದ ವಾಷಿಂಗ್ ಮಷೀನಿಗೆ ಮಾತ್ರ ಕ್ಷೇಮವಿಲ್ಲ.

ಕಾಗದ ನೋಡಿ ಗಾಬರಿಯಾಗಬೇಡ. ಅಂಗನವಾಡಿಯಲ್ಲಿ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿ ನಿವೃತ್ತಿಯಾದವಳು ನಾನು, ಬರೆಯುವುದನ್ನು ಮರೆತಿಲ್ಲ. ಫೋನು ಮಾಡಿದರೆ ನೀನು "ಏಳಕ್ಕ" ಅನ್ನುತ್ತೀಯ. ನಾನು ಬಾಯಿ ತೆರೆಯುವಷ್ಟರಲ್ಲಿ "ಗಿರಾಕಿ ಬಂದ್ರು, ಆಮ್ಯಾಕೆ ಮಾಡ್ತೀನಿ" ಅಂತ ಇಟ್ಟುಬಿಡುತ್ತೀಯ. ನಿನ್ನ ಆ ಆಮ್ಯಾಕೆ ಯಾವತ್ತೂ ಬಂದದ್ದಿಲ್ಲ. ಅದಕ್ಕೇ ನಿನ್ನ ನಂಬರನ್ನು ಬ್ಲಾಕ್ ಮಾಡಿಸಿದ್ದೇನೆ. ಕಾಗದವನ್ನು ಮಧ್ಯದಲ್ಲಿ ಕಟ್ ಮಾಡಲು ಬರುವುದಿಲ್ಲ, ಪೂರ್ತಿ ಓದು.

ಆಯುಧಪೂಜೆಯ ದಿನ ನಿನ್ನ ಮೆಕ್ಯಾನಿಕ್ ಕೆಂಪರಾಜು ಮಷೀನನ್ನು ವ್ಯಾನಿನಲ್ಲಿ ತಂದು ನಡುಮನೆಯ ಹಿಂದಿನ ಓಣಿಯಲ್ಲಿ ಇಳಿಸಿದ. ನೀರಿನ ಪೈಪನ್ನು ಬರಿಗೈಯಲ್ಲೇ ತಿರುಗಿಸಿ ಹಾಕಿದ. "ಇನ್ನೊಸಿ ಕೆಲ್ಸ ಅದೆ, ನಾಳೀಕೆ ಬತ್ತೀನಿ ಕಣಕ್ಕ" ಅಂದ. ಒಬ್ಬಟ್ಟು ತಿಂದ, ಹೋದ. ಅವನ ನಾಳೆ ನಿನ್ನ ಆಮ್ಯಾಕೆಯ ಜೊತೆಯಲ್ಲೇ ಎಲ್ಲೋ ಕೂತಿರಬೇಕು. ಒಳ್ಳೆಯ ದಿನ ತಪ್ಪಬಾರದಲ್ಲ, ನಾನು ಮಷೀನಿಗೆ ಅರಿಸಿನ ಕುಂಕುಮ ಇಟ್ಟೆ, ಕಾಯಿ ಒಡೆದೆ, ನಿನ್ನ ಭಾವನ ಪಂಚೆಗಳನ್ನು ಹಾಕಿ ಸ್ವಿಚ್ ಒತ್ತಿದೆ. ಒಗೆಯುವುದನ್ನು ಚೆನ್ನಾಗಿಯೇ ಒಗೆಯಿತು. ಹಿಂಡುವುದಕ್ಕೆ ಶುರುವಾದದ್ದೇ ತಡ, ದಡದಡ ಅಂತ ಶಬ್ದ ಮಾಡಿಕೊಂಡು ನಡೆಯಲು ಹೊರಟಿತು! ಓಣಿ ದಾಟಿತು, ಹೊಸಿಲ ಹತ್ತಿರ ಬಂತು, ಪೈಪು ಕಿತ್ತುಕೊಂಡು ನಡುಮನೆಯೆಲ್ಲ ನೀರು. ಮನೆಗೆ ಲಾರಿ ನುಗ್ಗಿತು ಅಂತ ಪಕ್ಕದ ಮನೆಯವರು ಓಡಿಬಂದರು.

ಅಂದಿನಿಂದ ಬಟ್ಟೆ ಒಗೆದಾಗಲೆಲ್ಲ ನಿನ್ನ ಭಾವ ಮಷೀನಿನ ಮೇಲೆ ಕೂತು ಪೇಪರ್ ಓದುತ್ತಾರೆ. ಅವರ ಭಾರಕ್ಕೆ ಅದು ಒಂದಿಷ್ಟು ತಡೆಯುತ್ತದೆ. ಅಕ್ಷರಗಳು ಕುಣಿಯುತ್ತವೆ ಅಂತ ಕನ್ನಡಕವನ್ನೂ ಬದಲಾಯಿಸಿದರು, ಪಾಪ. ಕಂಪನಿಯ ನಂಬರಿಗೆ ಮಾಡಿದರೆ ಬೆಳಿಗ್ಗೆ "ದೂರು ದಾಖಲಾಗಿದೆ" ಅಂತ ಮೆಸೇಜು, ಸಂಜೆ "ದೂರು ಪರಿಹಾರವಾಗಿದೆ, ನಮ್ಮ ಸೇವೆಗೆ ನಕ್ಷತ್ರ ಕೊಡಿ" ಅಂತ ಇನ್ನೊಂದು. ನಮ್ಮ ಮನೆಯ ಹೊಸಿಲನ್ನು ಒಬ್ಬನೂ ತುಳಿದಿಲ್ಲ.

ನೀನೇ ಒಂದು ಸಲ ಬಂದು ನೋಡು. ಮದ್ದೂರಿನಿಂದ ದೊಡ್ಡಿ ಊರಿನ ಮೇಲೆ ಮಳವಳ್ಳಿಗೆ ಬಸ್ಸಿಗೇನು ಬರವೇ? ಈ ಸಲ ಗೌರಿ ಹಬ್ಬಕ್ಕೂ ನೀನು ಬರಲಿಲ್ಲ. ನಾನು ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು ಕಾಯುತ್ತಿದ್ದರೆ ಬಾಗಿನದ ದುಡ್ಡು ಫೋನಿನಲ್ಲಿ ಟಣ್ ಅಂತ ಬಂತು. ಫೋನಿಗೇ ಆರತಿ ಎತ್ತಬೇಕಿತ್ತೇನೋ? ತುಂಬ ಬೇಜಾರಾಯಿತು ಕಣೋ. ತವರೆಂದರೆ ಮೆಸೇಜಲ್ಲ.

ಬಂದು ನೋಡದಿದ್ದರೆ ನಾನು ಮಂಡ್ಯಕ್ಕೆ ಹೋಗುತ್ತೇನೆ. ಅಲ್ಲಿ ಗ್ರಾಹಕರ ಆಯೋಗ ಅಂತ ಇದೆಯಂತೆ.

ನಿನ್ನ ಅಕ್ಕ,
ಚಲುವಮ್ಮ

ಅವ್ವನ ಮಂಡಿನೋವು ಹೇಗಿದೆ, ಬರೆ.


ಶ್ರೀ ಪಟ್ಟಲಮ್ಮ ಎಲೆಕ್ಟ್ರಾನಿಕ್ಸ್, ಮದ್ದೂರು
೧೭ ಡಿಸೆಂಬರ್ ೨೦೨೪

ಅಕ್ಕನಿಗೆ ನಮಸ್ಕಾರ.

ಕಾಗದ ಸಿಕ್ಕಿತು. ಅವ್ವನಿಗೆ ಓದಿ ಹೇಳಿದೆ. "ಅವ್ಳ ಮನೇಲಿ ಸುಮ್ನೆ ನಿಂತಿರದು ಯಾವ್ದದೆ? ಗಂಡನ್ನೇ ಕುಣುಸ್ತಾಳೆ, ಮಿಸೀನು ಯಾವ್ ಲೆಕ್ಕ" ಅಂತ ನಕ್ಕಳು. ಮಂಡಿನೋವು ಪರವಾಗಿಲ್ಲ.

ಆ ಮಷೀನು ಎ-ಒನ್ ಮಾಲು ಅಕ್ಕ. ಈ ದಸರಾದಲ್ಲಿ ಎಷ್ಟೋ ಜನಕ್ಕೆ ಕೊಟ್ಟಿದ್ದೇನೆ, ಯಾರ ಮನೆಯಲ್ಲೂ ನಡೆದಿಲ್ಲ. ನೀನು ಕಂಬಳಿ, ಜಮಖಾನ ಎಲ್ಲ ಒಟ್ಟಿಗೆ ತುಂಬುತ್ತಿದ್ದೀಯ ಅಂತ ಕಾಣುತ್ತದೆ. ಕಾಲಿನ ಕೆಳಗೆ ರಟ್ಟನ್ನು ನಾಲ್ಕು ಮಡಿಕೆ ಮಡಿಸಿ ಇಡು, ಗಟ್ಟಿಯಾಗಿ ನಿಲ್ಲುತ್ತದೆ. ಕೆಂಪರಾಜು ಹಬ್ಬ ಕಳೆದ ಮೇಲೆ ಗೆಜ್ಜಲಗೆರೆಯಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಸೇರಿಕೊಂಡ. ನಿನ್ನ ಮನೆಯ ಕೆಲಸ ಮುಗಿಸಿಯೇ ಹೋಗಿದ್ದಾನೆ ಅಂದುಕೊಂಡಿದ್ದೆ.

ಗೌರಿ ಹಬ್ಬದ ವಿಷಯ ಎತ್ತಿದ್ದೀಯ. ಅಕ್ಕ, ಆ ವಾರ ಅಂಗಡಿಯಲ್ಲಿ ಆಫರ್ ಇರುತ್ತದೆ, ನಿಲ್ಲಲು ಜಾಗ ಇರುವುದಿಲ್ಲ. ಅದನ್ನು ಬಿಟ್ಟು ನಾನು ಹೇಗೆ ಬರಲಿ? ನನಗೆ ನಿನ್ನ ಮೇಲೆ ಪ್ರೀತಿ ಇಲ್ಲ ಅಂತಲ್ಲ. ನಿಜ ಹೇಳಬೇಕೆಂದರೆ ನಾನು ಆವತ್ತು

ಗಿರಾಕಿ ಬಂದರು.

ನಿನ್ನ ತಮ್ಮ,
ರಾಜೇಂದ್ರ


ಮಳವಳ್ಳಿ
೩ ಫೆಬ್ರವರಿ ೨೦೨೫

ತಮ್ಮ ರಾಜೇಂದ್ರನಿಗೆ,

ಕಾಗದವನ್ನೂ ಅರ್ಧಕ್ಕೆ ಕಟ್ ಮಾಡಬಹುದು ಅಂತ ತೋರಿಸಿಕೊಟ್ಟೆ. ಭಲೇ!

ರಟ್ಟು ಇಟ್ಟು ನೋಡಿದೆ. ಮಷೀನು ರಟ್ಟನ್ನೂ ಜೊತೆಗೆ ಕರೆದುಕೊಂಡು ಬಂತು. ಸಂಕ್ರಾಂತಿಗಾದರೂ ಬರುತ್ತೀಯ ಅಂತ ಎಳ್ಳು ಬೆಲ್ಲ ಎತ್ತಿಟ್ಟಿದ್ದೆ. ನೀನು ಬರಲಿಲ್ಲ, ಅದಕ್ಕೆ ಇರುವೆ ಬಂತು. ಮಾರನೆಯ ವಾರ ನಾನೂ ನಿನ್ನ ಭಾವನೂ ಮಂಡ್ಯದ ಬಸ್ಸು ಹತ್ತಿದೆವು.

ಅಲ್ಲಿ ಕವಿತ ಅಂತ ಒಬ್ಬ ವಕೀಲೆ ಸಿಕ್ಕರು. ಒಳ್ಳೆಯ ಹೆಣ್ಣುಮಗಳು, ಮಾತು ಮಾತ್ರ ಕಡ್ಡಿ ಮುರಿದ ಹಾಗೆ. ಮಾರಿದವರು ಎದುರುದಾರ ನಂಬರ್ ಒಂದು, ಮಾಡಿದ ಕಂಪನಿ ನಂಬರ್ ಎರಡು ಅಂತ ಬರೆದುಕೊಂಡರು. "ಮೊದಲನೆಯದನ್ನು ಬಿಟ್ಟುಬಿಡಿ, ಅದು ನನ್ನ ಒಡಹುಟ್ಟು" ಅಂದೆ. "ಬಿಲ್ಲು ಅವರ ಅಂಗಡಿಯದು, ಬಿಟ್ಟರೆ ಕೇಸು ನಿಲ್ಲುವುದಿಲ್ಲ" ಅಂದರು. "ಹಾಗಾದರೆ ಹೆಸರಿನ ಮುಂದೆ ಚಿರಂಜೀವಿ ಅಂತಾದರೂ ಹಾಕಿ" ಅಂದೆ. ಎದುರುದಾರರಿಗೆ ಹಾಗೆ ಹಾಕುವ ಪದ್ಧತಿ ಇಲ್ಲವಂತೆ. ಬರಿ ರಾಜೇಂದ್ರ ಅಂತ ಟೈಪಾಗಿದೆ, ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಮಷೀನಿನ ಫೋಟೋ ಕೇಳಿದರು. ವಾಸ್ತು ಪ್ರಕಾರ ಅದರ ಮುಖ ಪೂರ್ವಕ್ಕೆ, ಗೋಡೆಯ ಕಡೆಗಿದೆ. ಬಟ್ಟೆ ಹಾಕುವುದಕ್ಕೆ ನಾನು ಒತ್ತರಿಸಿಕೊಂಡು ಹೋಗಬೇಕು. ಎದುರಿಗೆ ಕಾಣುವುದು ಅದರ ಬೆನ್ನೇ. ಶುಕ್ರವಾರದ ಕನಕಾಂಬರದ ಮಾಲೆಯನ್ನು ಬೆನ್ನಿನ ಮೇಲೇ ಇಳಿಬಿಟ್ಟಿದ್ದೆ. ಹಾಗೇ ಫೋಟೋ ತೆಗೆಸಿ ಕೊಟ್ಟೆವು, ಲಕ್ಷಣವಾಗಿ ಬಂದಿದೆ.

ನೋಟಿಸು ಬರುತ್ತದೆ, ಸಹಿ ಹಾಕಿ ತೆಗೆದುಕೋ. ವಾಯಿದೆಯ ದಿನ ಖುದ್ದಾಗಿ ಬಾ. ಬೆಳಗಿನ ಹೊತ್ತು ಚಳಿ ಇದೆ, ಸ್ವೆಟರ್ ಮರೆಯಬೇಡ.

ನಿನ್ನ ಅಕ್ಕ,
ಚಲುವಮ್ಮ


ಮದ್ದೂರು
೨೦ ಫೆಬ್ರವರಿ ೨೦೨೫

ದೂರುದಾರರಾದ ಶ್ರೀಮತಿ ಚಲುವಮ್ಮನವರ ಸನ್ನಿಧಾನಕ್ಕೆ,

ತಮ್ಮ ನೋಟಿಸು ತಲುಪಿತು. ಹೇಗೆ ತಲುಪಿತು ಅಂತಲೂ ಕೇಳಿ. ಹೊಸದಾಗಿ ಮದುವೆಯಾದ ಗಂಡ ಹೆಂಡತಿ ಬಂದು ಫ್ರಿಜ್ಜಿನ ಬಾಗಿಲು ತೆಗೆದು ಹಾಕಿ ನೋಡುತ್ತಿದ್ದರು. ಹಸಿರೋ ಕೆಂಪೋ ಅಂತ ತೀರ್ಮಾನವಾಗುವುದೊಂದು ಬಾಕಿ. ಅಷ್ಟರಲ್ಲಿ ಪೋಸ್ಟಿನವನು ಬಾಗಿಲಲ್ಲಿ ನಿಂತು "ರಾಜೇಂದ್ರಣ್ಣ, ಮಂಡ್ಯದಿಂದ ಕೋರ್ಟ್ ನೋಟೀಸು ಬಂದದೆ" ಅಂತ ಇಡೀ ಬೀದಿಗೆ ಸಾರಿದ. ಅವರು "ಶಿವರಾತ್ರಿ ಕಳೀಲಿ, ಬತ್ತೀವಿ" ಅಂತ ಎದ್ದುಹೋದರು.

ಒಳಗಿನಿಂದ ಅವ್ವ ಕೇಳಿದಳು, "ಯಾರ್ಲಾ ಕೇಸ್ ಆಕಿರದು?"

"ನಿನ್ ಮಗಳು ಕಣವ್ವ."

ಈಗ ಎದೆ ಬಡಿದುಕೊಳ್ಳುತ್ತಾಳೆ, ನನ್ನ ಕಡೆ ಎರಡು ಮಾತಾಡುತ್ತಾಳೆ ಅಂತ ಕಾದೆ. ಅವ್ವ "ಅಷ್ಟ್ ದೂರ ಮಂಡ್ಯಕ್ಕೆ ಓಗಿದ್ಲಾ? ಬಸ್ಸಲ್ಲಿ ಸೀಟ್ ಸಿಕ್ಕಿತ್ತಂತಾ?" ಅಂದಳು. ಈ ಮನೆಯಲ್ಲಿ ನನ್ನ ಗೋಳು ಕೇಳುವವರು ಯಾರೂ ಇಲ್ಲ. ನನ್ನ ಹೆಂಡತಿ ರಂಜಿತ ಅಂತೂ "ಅತ್ತಿಗೆ ಮಾಡಿದ್ದು ಸರಿ" ಅಂತ ಮುಖಕ್ಕೇ ಹೇಳಿದಳು.

ಒಡಹುಟ್ಟಿದ ತಮ್ಮನ ಮೇಲೆ ಕೇಸು! ಊರಿನಲ್ಲಿ ತಲೆ ಎತ್ತುವ ಹಾಗಿಲ್ಲ. ನಾನೂ ವಕೀಲರನ್ನು ಇಟ್ಟಿದ್ದೇನೆ. ಇನ್ನು ನಮ್ಮ ನಿಮ್ಮ ಮಾತು ಏನಿದ್ದರೂ ಮಂಡ್ಯದಲ್ಲೇ. ನಿಮ್ಮ ಮನೆಯ ಹೊಸಿಲನ್ನು ನಾನು ತುಳಿಯುವುದಿಲ್ಲ.

ಇಂತಿ,
ಎದುರುದಾರ ನಂ. ೧

ಸ್ವೆಟರ್ ನನಗೂ ಗೊತ್ತು.


ಮಳವಳ್ಳಿ
೨೨ ಮಾರ್ಚ್ ೨೦೨೫

ತಮ್ಮ ರಾಜೇಂದ್ರನಿಗೆ,

ಹೊಸಿಲು ತುಳಿಯುವುದಿಲ್ಲ ಅಂತ ಬರೆದೆಯಲ್ಲ, ಅದನ್ನು ಓದಿ ನಾನು ಅತ್ತೆ. ಮಾರನೆಯ ದಿನ ಸಿಟ್ಟು ಬಂತು. ಮೊನ್ನೆ ಮಂಡ್ಯದಲ್ಲಿ ನಿನ್ನನ್ನು ನೋಡಿದ ಮೇಲೆ ಎರಡೂ ಹೋಯಿತು.

ಎಷ್ಟು ಇಳಿದುಹೋಗಿದ್ದೀಯೋ! ಅಂಗಡಿಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ? ಇರುವುದು ಒಂದೇ ಬೆಂಚು, ನೀನು ಆ ತುದಿ, ನಾನು ಈ ತುದಿ. ಮಧ್ಯೆ ನಿನ್ನ ಭಾವ ಕೂತು, ಅತ್ತ ತಿರುಗಿದರೆ ನನಗೆ ಕೋಪ, ಇತ್ತ ತಿರುಗಿದರೆ ನಿನಗೆ ಕೋಪ ಅಂತ ನೆಟ್ಟಗೆ ಗೋಡೆಯನ್ನೇ ನೋಡುತ್ತಿದ್ದರು. ಕಂಪನಿಯ ಕಡೆಯವರು ಕಾಲಾವಕಾಶ ಕೇಳಿದರು. ಅಷ್ಟಕ್ಕೇ ಮುಗಿಯಿತು, ಇನ್ನೊಂದು ದಿನಕ್ಕೆ ಹಾಕಿದರು. ಕವಿತಮ್ಮ ಬೇಜಾರು ಮಾಡಿಕೊಂಡರು. ನನಗೆ ಒಳ್ಳೆಯದೇ ಆಯಿತು ಅನ್ನಿಸಿತು. ಎಷ್ಟು ವರ್ಷವಾಗಿತ್ತು ನೀನು ನನ್ನ ಹತ್ತಿರ ಅರ್ಧ ದಿನ ಕೂತು, ಫೋನು ಆಫ್ ಮಾಡಿಕೊಂಡು!

ಡಬ್ಬಿಯಲ್ಲಿ ಇದ್ದದ್ದು ಕಜ್ಜಾಯ. ನೇರವಾಗಿ ಕೊಟ್ಟರೆ ನೀನು ತೆಗೆದುಕೊಳ್ಳುತ್ತಿರಲಿಲ್ಲ, ಅದಕ್ಕೆ ಕವಿತಮ್ಮನ ಕೈಯಲ್ಲಿ ನಿನ್ನ ವಕೀಲರಿಗೆ ಕೊಡಿಸಿದೆ. "ಇದನ್ನು ರಾಜಿ ಪ್ರಸ್ತಾಪ ಅಂತ ತಿಳಿಯಬಾರದು" ಅಂತ ಅವರು ಹೇಳಿಯೇ ಕೊಟ್ಟರಂತೆ. ನಿನ್ನ ವಕೀಲರು ಎರಡು ತಿಂದರು, ಕಂಡೆ. ಉಳಿದದ್ದು ನಿನಗೆ ಸಿಕ್ಕಿತಾ?

ಯುಗಾದಿ ಬಂತು. ಕರೆಯುವುದಿಲ್ಲ, ಕರೆದು ನೀನು ಬರದಿದ್ದರೆ ತಡೆದುಕೊಳ್ಳಲು ನನ್ನ ಕೈಯಲ್ಲಿ ಆಗುವುದಿಲ್ಲ.

ನಿನ್ನ ಅಕ್ಕ,
ಚಲುವಮ್ಮ


ಮದ್ದೂರು
೧೧ ಏಪ್ರಿಲ್ ೨೦೨೫

ಅಕ್ಕ,

ಕಜ್ಜಾಯ ಮೂರೇ ಉಳಿದಿತ್ತು. ಒಂದನ್ನು ಅವ್ವ ಕಿತ್ತುಕೊಂಡಳು.

ಇದನ್ನು ಅಂಗಡಿ ಬಾಗಿಲು ಎಳೆದುಕೊಂಡು ಬರೆಯುತ್ತಿದ್ದೇನೆ, ಗಮನವಿಟ್ಟು ಓದು. ನಿನ್ನ ದೂರಿನ ಜೊತೆ ಬಂದ ಫೋಟೋವನ್ನು ಇವತ್ತು ಸರಿಯಾಗಿ ನೋಡಿದೆ. ಮಷೀನಿನ ಬೆನ್ನಿಗೆ ಮಾಲೆ ಹಾಕಿದ್ದೀಯಲ್ಲ, ಅದನ್ನು ಯಾವುದಕ್ಕೆ ಸಿಕ್ಕಿಸಿದ್ದೀಯ ಅಂತ ಗೊತ್ತೇನಕ್ಕ? ನಾಲ್ಕು ಬೋಲ್ಟಿಗೆ. ನಾಲ್ಕಕ್ಕೂ ಕುಂಕುಮ ಬೇರೆ! ದಾರಿಯಲ್ಲಿ ಒಳಗಿನ ಡ್ರಮ್ಮು ಅಲ್ಲಾಡದಿರಲಿ ಅಂತ ಕಂಪನಿಯವರು ಬಿಗಿದು ಕಳಿಸುವ ಬೋಲ್ಟುಗಳು ಅವು. ಮನೆಗೆ ಇಳಿಸಿದ ಮೇಲೆ ಮೊದಲು ಅವನ್ನು ಬಿಚ್ಚಬೇಕು. ಬಿಚ್ಚದೆ ಓಡಿಸಿದರೆ ಡ್ರಮ್ಮಿನ ಜೊತೆ ಇಡೀ ಮಷೀನೇ ಹೊರಡುತ್ತದೆ. ನೀನು ಆರು ತಿಂಗಳಿಂದ ಪೂಜೆ ಮಾಡುತ್ತಿರುವುದು ಆ ಬೋಲ್ಟಿಗೆ.

ಕೆಂಪರಾಜುಗೆ ಫೋನು ಮಾಡಿ ಉಗಿದೆ. ಅವನು ಏನಂದ ಗೊತ್ತಾ? "ನಾನೇನ್ ಮಾಡ್ಲಣ್ಣ? ಅವತ್ತು ಆಯುಧಪೂಜೆ, ಸ್ಪ್ಯಾನರೆಲ್ಲ ಪೂಜೆಗೆ ಇಟ್ಬುಟ್ಟಿತ್ತು. ಒಂದು ತಕ್ಕತೀನಿ ಅಂದ್ರೆ ದೊಡ್ಡವ್ವ ಕೈಗೇ ಒಡುದ್ಲು. ಮಾರ್ನೆ ದಿಸ ಓಗನ ಅಂದ್ಕಂಡಿದ್ದೆ, ಮರ್ತೋಯ್ತು." ಅವ್ವನನ್ನು ಕೇಳಿದರೆ, "ಪೂಜೆಗಿಟ್ಟ ಆಯುಧಾನ ಅವತ್ತೇ ಯಾವನ್ಲಾ ಮುಟ್ಟಾನು?" ಅಂತ ನನಗೇ ಬೈದಳು. ಅಲ್ಲಿಗೆ, ಹಬ್ಬದ ದಿನ ಅಂತ ನಾವು ಸ್ಪ್ಯಾನರ್ ಮುಟ್ಟಲಿಲ್ಲ, ಹಬ್ಬದ ದಿನ ಅಂತ ನೀನು ಮಷೀನು ಓಡಿಸದೆ ಬಿಡಲಿಲ್ಲ.

ನನ್ನ ವಕೀಲರಿಗೆ ಫೋಟೋ ತೋರಿಸಿದೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಜೋಡಿಸಿ ಮುಗಿಸುವ ಮೊದಲೇ ದೂರುದಾರರು ಓಡಿಸಿದ್ದಾರೆ, ಗೆದ್ದೆವು" ಅಂದರು. ತಡೆಯಿರಿ ಅಂತ ಹೇಳಿ ಬಂದಿದ್ದೇನೆ. ಅಕ್ಕನನ್ನು ಮಂಡ್ಯದಲ್ಲಿ ಎಲ್ಲರ ಮುಂದೆ ಪೆದ್ದಿ ಅನ್ನಿಸಿ ಗೆಲ್ಲುವುದು ನನಗೆ ಬೇಡ.

ಭಾವನಿಗೆ ಹೇಳಿ ನಾಲ್ಕೂ ಬೋಲ್ಟನ್ನು ಬಿಚ್ಚಿಸು. ಅಲ್ಲಿಗೆ ಮಷೀನು ಸರಿ. ಕೇಸು ವಾಪಸ್ ತೆಗೆದುಕೋ, ನಾನೂ ಏನೂ ಅನ್ನುವುದಿಲ್ಲ.

ರಾಜೇಂದ್ರ


ಮಳವಳ್ಳಿ
೨೩ ಏಪ್ರಿಲ್ ೨೦೨೫

ತಮ್ಮ ರಾಜೇಂದ್ರನಿಗೆ,

ನೀನು ನನ್ನ ಮಾನ ಉಳಿಸಲು ನೋಡಿದೆ, ತಿಳಿಯಿತು. ಓದಿ ಹೊಟ್ಟೆ ತಣ್ಣಗಾಯಿತು. ಆದರೆ ಬೋಲ್ಟು ಬಿಚ್ಚುವುದು ಆಗದ ಮಾತು. ಮಷೀನು ಈಗ ಸಾಕ್ಷ್ಯ. ಸಾಕ್ಷ್ಯವನ್ನು ಮುಟ್ಟಬೇಡಿ ಅಂತ ಕವಿತಮ್ಮ ಮೊದಲೇ ತಾಕೀತು ಮಾಡಿದ್ದಾರೆ.

ಮೇಲಾಗಿ ನೀನು ಎದುರುದಾರ. ಎದುರುದಾರ ಬಿಚ್ಚು ಅಂದದ್ದನ್ನು ದೂರುದಾರಳು ಬಿಚ್ಚಿದರೆ ಕಾನೂನಿನ ಗತಿ ಏನು? ಫೋಟೋದಲ್ಲಿ ಅಷ್ಟೆಲ್ಲ ಕಂಡವನು ಖುದ್ದಾಗಿ ಬಂದು ನೋಡಲಿ. ಡಿಸೆಂಬರಿನಲ್ಲೇ ಒಂದು ಸಲ ಬಂದಿದ್ದರೆ ನಿಂತಲ್ಲೇ ಕಾಣುತ್ತಿರಲಿಲ್ಲವೇ? ಆಗ ಕೇಸೂ ಇಲ್ಲ, ಬೆಂಚೂ ಇಲ್ಲ.

ಮನೆಗೆ ತಜ್ಞರನ್ನು ಕಳಿಸಿ, ಎದುರುದಾರರ ಎದುರಿನಲ್ಲೇ ಪರೀಕ್ಷೆ ಮಾಡಿಸಬೇಕು ಅಂತ ಅರ್ಜಿ ಹಾಕಿಸುತ್ತಿದ್ದೇನೆ. ಎದುರುದಾರರ ಎದುರಿನಲ್ಲಿ ಅಂದರೆ ನಿನ್ನ ಎದುರಿನಲ್ಲಿ, ನಮ್ಮ ಮನೆಯಲ್ಲಿ. ನಿನ್ನ ಭಾವ ಏನೋ ಹೇಳಲು ಬಾಯಿ ತೆಗೆದರು, ಸುಮ್ಮನಿರಿ ಅಂದೆ.

ಮಷೀನು ಈಗ ಮೊದಲಿಗಿಂತ ಜೋರು. ನಿನ್ನೆ ನಡುಮನೆ ದಾಟಿ ದೇವರ ಕೋಣೆಯ ಹತ್ತಿರ ಹೋಗಿ ನಿಂತಿತ್ತು.

ನಿನ್ನ ಅಕ್ಕ,
ಚಲುವಮ್ಮ


ಮದ್ದೂರು
೨೭ ಜೂನ್ ೨೦೨೫

ಅಕ್ಕ,

ನಿನ್ನ ಅರ್ಜಿಗೆ ಆದೇಶವಾಗಿದೆ. ಜುಲೈ ಹದಿಮೂರು, ಭಾನುವಾರ, ಪಾಲಿಟೆಕ್ನಿಕ್ಕಿನ ಮೇಷ್ಟ್ರೊಬ್ಬರು ತಜ್ಞರಾಗಿ ಬರುತ್ತಾರಂತೆ. ನಾನು ಹಾಜರಿರಲೇಬೇಕು. ಭಾನುವಾರ ಅಂದರೆ ನನ್ನ ವ್ಯಾಪಾರದ ದಿನ ಅಂತ ನಿನಗೆ ಗೊತ್ತಿಲ್ಲದ್ದೇನಲ್ಲ, ಬೇಕು ಅಂತಲೇ ಹಾಕಿಸಿದ್ದೀಯ. ಹೊಸಿಲು ತುಳಿಯುವುದಿಲ್ಲ ಅಂದಿದ್ದೆ. ಆದೇಶ ಆದೇಶವೇ, ತುಳಿಯುತ್ತೇನೆ.

ಅವ್ವ ಈಗಿನಿಂದಲೇ ಸೀರೆ ತೆಗೆದಿಟ್ಟುಕೊಂಡು ಕೂತಿದ್ದಾಳೆ. ನಿನ್ನನ್ನು ಯಾರೂ ಕರೆದಿಲ್ಲ ಕಣವ್ವ ಅಂದರೆ "ಸ್ಪ್ಯಾನರ್ ಕೊಡ್ದೆ ಇದ್ದೋಳು ನಾನು, ನಾನೇ ಸಾಕ್ಷಿ" ಅಂತಾಳೆ.

ನಾವು ಬರುವುದು ಕಾನೂನು ಪ್ರಕಾರ. ಅಡುಗೆ ಗಿಡುಗೆ ಏನೂ ಇಟ್ಟುಕೊಳ್ಳಬೇಡ.

ರಾಜೇಂದ್ರ


ಮಳವಳ್ಳಿ
೪ ಜುಲೈ ೨೦೨೫

ತಮ್ಮ ರಾಜೇಂದ್ರನಿಗೆ,

ಎದುರುದಾರರಿಗೆ ಊಟ ಹಾಕಬಾರದು ಅಂತ ಕಾನೂನಿನಲ್ಲಿ ಎಲ್ಲಾದರೂ ಇದೆಯೇ ಅಂತ ಕವಿತಮ್ಮನನ್ನು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿ, ತಮಗೆ ತಿಳಿದ ಮಟ್ಟಿಗೆ ಇಲ್ಲ ಅಂದರು. ನಾಟಿ ಕೋಳಿ ಸಾರು, ಮುದ್ದೆ. ಅವ್ವನಿಗೆ ಮೆತ್ತಗಿನ ಅನ್ನ. ಮೇಷ್ಟ್ರು ತಿನ್ನುವವರೋ ಅಲ್ಲವೋ ಗೊತ್ತಿಲ್ಲ, ಅವರಿಗೆ ಉಪ್ಸಾರು.

ಹೊಸಿಲಿಗೆ ಹೊಸ ಬಣ್ಣ ಬಳಿಸಿದ್ದೇನೆ, ನೋಡಿಕೊಂಡು ತುಳಿ.

ನಿನ್ನ ಅಕ್ಕ,
ಚಲುವಮ್ಮ


ಮದ್ದೂರು
೧೯ ಜುಲೈ ೨೦೨೫

ಅಕ್ಕ,

ಅವತ್ತು ಉಂಡದ್ದು ಇನ್ನೂ ಕರಗಿಲ್ಲ. ಅವ್ವ ಮದ್ದೂರು ಬರುವವರೆಗೂ ಬಸ್ಸಿನವರಿಗೆಲ್ಲ "ನನ್ ಮಗಳ ಮನೇಲಿ ಮಿಸೀನು ಪರೀಕ್ಷೆ ಇತ್ತು, ಪಾಸಾಯ್ತು" ಅಂತ ಹೇಳಿಕೊಂಡು ಬಂದಳು.

ಅವಳು ಮೇಷ್ಟ್ರ ಮುಂದೆ ಎದ್ದುನಿಂತು "ಸಾಮಿ, ನನ್ ಮ್ಯಾಲೆ ಆಕಿ ಕೇಸು. ನನ್ ಮಗುಂದೂ ತಪ್ಪಿಲ್ಲ, ಮಗಳ್ದೂ ತಪ್ಪಿಲ್ಲ. ಪೂಜೆಗಿಟ್ಟ ಆಯುಧ ಕೊಡ್ನಿಲ್ಲ, ಅಷ್ಟೇಯ" ಅಂದಾಗ ನೀನು ಸೆರಗು ಬಾಯಿಗೆ ಇಟ್ಟುಕೊಂಡೆ. ನಗುವೋ ಅಳುವೋ ನನಗೆ ತಿಳಿಯಲಿಲ್ಲ. ಮೇಷ್ಟ್ರು ಅದನ್ನೂ ಬರೆದುಕೊಂಡರು.

ಈಗ ಒಂದು ಮಾತು. ಬೋಲ್ಟು ಬಿಚ್ಚಿದವನು ನಾನು. ಕಂಪನಿಯವರು ಬಿಗಿದದ್ದು, ಇಷ್ಟು ತಿಂಗಳಿಗೆ ತುಕ್ಕು ಹಿಡಿದಿರುತ್ತದೆ ಅಂತ ದೊಡ್ಡ ಸ್ಪ್ಯಾನರನ್ನೇ ತಂದಿದ್ದೆ. ಮುಟ್ಟಿದ ಕೂಡಲೇ ಸಲೀಸಾಗಿ ತಿರುಗಿತು, ನಾಲ್ಕೂ ಬೆರಳಿಗೇ ಬಂದವು. ಕೈಗೆ ಎಣ್ಣೆ ಹತ್ತಿತು. ಮೂಸಿ ನೋಡಿದೆ. ಮೆಂತ್ಯ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ. ನೀನು ತಲೆಗೆ ಹಚ್ಚುವ ಎಣ್ಣೆ ಅಕ್ಕ ಅದು. ಚಿಕ್ಕಂದಿನಲ್ಲಿ ನನ್ನ ತಲೆಗೂ ಹಚ್ಚುತ್ತಿದ್ದೆಯಲ್ಲ, ನನಗೆ ಗೊತ್ತಾಗುವುದಿಲ್ಲವೇ? ಭಾವನ ಮುಖ ನೋಡಿದೆ. ಅವರು ಜಂತಿ ಎಣಿಸುತ್ತಿದ್ದರು.

ನಾನು ಏಪ್ರಿಲ್‌ನಲ್ಲಿ ಬರೆದ ಮೇಲೆ ಆ ಬೋಲ್ಟನ್ನು ನೀವು ಬಿಚ್ಚಿದ್ದೀರಿ. ಮಷೀನು ಸರಿಹೋಗಿದೆ. ಆಮೇಲೆ ಮತ್ತೆ ತಿರುಗಿಸಿ ಹಾಕಿದ್ದೀರಿ. ಅದು ದೇವರ ಕೋಣೆಗೆ ಹೋದದ್ದೆಲ್ಲ ಸುಳ್ಳು. ಮೇಷ್ಟ್ರ ಮುಂದೆ ನಾನು ಒಂದು ಮಾತೂ ಆಡಲಿಲ್ಲ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡೆ. ಕಲೆ ಹೋಗಲಿಲ್ಲ ಅಂತ ರಂಜಿತ ಬೈಯುತ್ತಿದ್ದಾಳೆ.

ನನಗೆ ಒಂದೇ ಅರ್ಥವಾಗದ್ದು. ಸರಿಹೋದ ಮಷೀನನ್ನು ಮತ್ತೆ ಯಾಕೆ ಕೆಡಿಸಿಕೊಂಡೆ?

ರಾಜೇಂದ್ರ


ಮಳವಳ್ಳಿ
೬ ಆಗಸ್ಟ್ ೨೦೨೫

ತಮ್ಮ ರಾಜೇಂದ್ರನಿಗೆ,

ಬಿಚ್ಚಿಯೇ ಇಟ್ಟಿದ್ದರೆ ನೀನು ಬರುತ್ತಿದ್ದೆಯಾ?

ಇದಕ್ಕೆ ಉತ್ತರ ಬರೆಯಬೇಡ, ನನಗೆ ಗೊತ್ತು. ಮಷೀನು ಮಾತೇ ಆಡದೆ ನಿಂತಿತ್ತು ಕಣೋ. ನಿನ್ನ ಭಾವ ಕೆಳಗಿಳಿದು ಕುರ್ಚಿಯಲ್ಲಿ ಕೂತು ಪೇಪರ್ ಓದಿ, ಅಬ್ಬ ಅಂದರು. ನನಗೆ ಮಾತ್ರ, ಇನ್ನು ಕೇಸಿಲ್ಲ, ಮಂಡ್ಯವಿಲ್ಲ, ಬೆಂಚಿಲ್ಲ, ನೀನು ಮತ್ತೆ ಟಣ್ ಅಂತ ಫೋನಿನೊಳಗೆ ಹೋಗಿಬಿಡುತ್ತೀಯ ಅನ್ನಿಸಿತು. ಅವರ ಕೈಯಲ್ಲೇ ಮತ್ತೆ ಹಾಕಿಸಿದೆ. ಆಮೇಲೆ ಬಟ್ಟೆಯನ್ನೆಲ್ಲ ಕೈಯಲ್ಲೇ ಒಗೆದೆ, ಸೊಂಟ ಬಿದ್ದುಹೋಯಿತು.

ಕೇಸು ರಾಜಿಯಾಗುತ್ತಿದೆ. ಮನೆಗೆ ಬಾರದೆ ದೂರು ಮುಚ್ಚಿದ್ದಕ್ಕೆ ಕಂಪನಿಯವರು ತಪ್ಪಾಯಿತು ಅಂತ ಬರೆದುಕೊಟ್ಟು, ವಾರಂಟಿ ಒಂದು ವರ್ಷ ಮುಂದಕ್ಕೆ ಹಾಕಿದರು. ನನಗೆ ಬೇರೇನೂ ಬೇಡ ಅಂದೆ. ನಿನ್ನ ಪಾಲಿಗೆ ಒಂದೇ ಷರತ್ತು ಬರೆಸಿದ್ದೇನೆ, ಒಪ್ಪಿಗೆಯಿದ್ದರೆ ಸಹಿ ಹಾಕು. "ಎದುರುದಾರ ನಂ. ೧ ಇವರು ಪ್ರತಿ ವರ್ಷ ಭಾದ್ರಪದ ಶುದ್ಧ ತದಿಗೆಯಂದು ದೂರುದಾರರ ಮನೆಗೆ ಖುದ್ದಾಗಿ ಬಂದು ಮಷೀನನ್ನು ಪರಿಶೀಲಿಸತಕ್ಕದ್ದು. ಬೇರೆಯವರನ್ನು ಕಳಿಸತಕ್ಕದ್ದಲ್ಲ. ಫೋನಿನ ಮೂಲಕ ಪರಿಶೀಲಿಸತಕ್ಕದ್ದಲ್ಲ."

ಕವಿತಮ್ಮ ಬರೆಯುತ್ತಾ ಬರೆಯುತ್ತಾ ಪೆನ್ನು ನಿಲ್ಲಿಸಿ, "ಅಮ್ಮ, ಇದು ಗೌರಿ ಹಬ್ಬ ಅಲ್ಲವೇ?" ಅಂದರು. ಇರಬಹುದು ಅಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಉಳಿದದ್ದನ್ನು ಬರೆದರು. ಅವರಿಗೂ ಅಣ್ಣನೊಬ್ಬ ಇದ್ದಾನಂತೆ, ಹುಬ್ಬಳ್ಳಿಯಲ್ಲಿ.

ನಿನ್ನ ನಂಬರಿನ ಬ್ಲಾಕ್ ತೆಗೆಸಿಲ್ಲ. ತೆಗೆಸುವುದೂ ಇಲ್ಲ.

ನಿನ್ನ ಅಕ್ಕ,
ಚಲುವಮ್ಮ


ಶ್ರೀ ಪಟ್ಟಲಮ್ಮ ಎಲೆಕ್ಟ್ರಾನಿಕ್ಸ್, ಮದ್ದೂರು
೨೦ ಆಗಸ್ಟ್ ೨೦೨೫

ಅಕ್ಕ,

ಸಹಿ ಹಾಕಿದ್ದೇನೆ. ನನ್ನ ವಕೀಲರು "ಇಂಥ ಷರತ್ತಿಗೆಲ್ಲ ಸಹಿ ಹಾಕಬೇಡಿ, ಜೀವಮಾನ ಪೂರ್ತಿ ಬಿಡುಗಡೆಯಿಲ್ಲ" ಅಂದರು. ಗೊತ್ತು ಅಂದೆ.

ಬರುವ ಮಂಗಳವಾರ ಮೊದಲನೆಯ ಬಸ್ಸಿಗೆ ಹೊರಡುತ್ತೇನೆ. ಅವ್ವ, ರಂಜಿತ ಇಬ್ಬರೂ ಬರುತ್ತಾರೆ. ಮೊರದ ಬಾಗಿನ ಕಟ್ಟಿಯಾಗಿದೆ. ಬಳೆಯನ್ನು ಅವ್ವನೇ ಆರಿಸಿದಳು, ಹಸಿರು. ನಿನ್ನ ಕೈ ಅಳತೆ ಅವಳಿಗೆ ಇನ್ನೂ ನೆನಪಿದೆ. ಆಫರ್ ವಾರ ಹಾಳಾಗಿ ಹೋಗಲಿ. "ಆಯೋಗದ ಆದೇಶದ ಮೇರೆಗೆ ಅಂಗಡಿ ಮುಚ್ಚಲಾಗಿದೆ" ಅಂತ ಬೋರ್ಡು ಬರೆಸಿಟ್ಟಿದ್ದೇನೆ. ಇದನ್ನು ನೋಡಿದರೆ ಅಂಗಡಿಗೆ ಬೀಗ ಜಡಿದರು ಅಂತ ಮದ್ದೂರೆಲ್ಲ ಸುದ್ದಿಯಾಗುತ್ತದೆ ಅಂತ ರಂಜಿತ ತಲೆ ಚಚ್ಚಿಕೊಂಡಳು. ಆಗಲಿ ಬಿಡು.

ಡಿಸೆಂಬರಿನ ಕಾಗದದಲ್ಲಿ ಒಂದು ಮಾತು ಅರ್ಧಕ್ಕೆ ನಿಂತಿತ್ತು. ನಿಜ ಹೇಳಬೇಕೆಂದರೆ ನಾನು ಆವತ್ತು ಗೌರಿ ಹಬ್ಬದ ದಿನ ದುಡ್ಡು ಕಳಿಸಿ, ಅಂಗಡಿಯಲ್ಲಿ ಕೂತು, ಮಧ್ಯಾಹ್ನ ಊಟ ಸೇರದೆ ಎದ್ದಿದ್ದೆ. ನಿನ್ನ ಕೈಯ ಕಜ್ಜಾಯ ನೆನಪಾಗಿತ್ತು. ಬರೆಯುವಷ್ಟರಲ್ಲಿ ಗಿರಾಕಿ ಬಂದರು, ಎದ್ದುಹೋದೆ. ಅವತ್ತು ಏಳಬಾರದಿತ್ತು.

ಈಗಲೂ ಗಿರಾಕಿ ಬಂದು ನಿಂತಿದ್ದಾರೆ. "ಅಣ್ಣ, ಈ ಟೀವಿ ಎಷ್ಟು?" ಅಂತ ಕೇಳುತ್ತಿದ್ದಾರೆ.

ಕಾಯಲಿ.

ಕಜ್ಜಾಯಕ್ಕೆ ಎಳ್ಳು ಜಾಸ್ತಿ ಹಾಕು. ಭಾವನಿಗೆ ಸ್ಪ್ಯಾನರ್ ಕೊಡಬೇಡ.

ನಿನ್ನ ತಮ್ಮ,
ಚಿರಂಜೀವಿ ರಾಜೇಂದ್ರ